ಜೂಜಿನ ಹಡಗು ಮತ್ತು ಊರಿನ ಮಂದಿ

ಪ್ರವಾಸಿಗಳಿಗಾಗಿ ನಡೆಯುವ ಕ್ಯಾಸಿನೊಗಳಲ್ಲಿ ಊರಿನ ನಿವಾಸಿಗಳೂ ಜೂಜಾಡಬಹುದೆ? ಕೂಡದೆಂಬುದು ಗೋವೆಯ ಸರಕಾರದ ಉತ್ತರ. ಆ ಉತ್ತರ ಸರಿಯಾದುದೆಂದೇ ನಮ್ಮ ಅಭಿಮತ. ಆದರೆ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧವು ನಮ್ಮ ಜನರಿಗೆ ಸಂಬಂಧಿಸಿದುದಾಗಿದೆ.

ಗೋವೆಯ ಜೂಜು ನಿಯಂತ್ರಣದ ಕಾಯಿದೆ 1976ರದು. 1992ರಲ್ಲಿ ಅದನ್ನು ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರಲ್ಲಿ ಮತ್ತೆ ತಿದ್ದಿ ಹಡಗಿನ ಮೇಲಣ ಜೂಜಿಗೂ ಎಡೆಮಾಡಿಕೊಡಲಾಯಿತು. ಹೆಸರಿಗೆ ಕಡಲ ಹಡಗುಗಳಾದರೂ ಅವು ಲಂಗರು ಹಾಕಿರುವುದು ಪಣಜಿಯ ಎದುರಿನ ಮಾಂಡವಿ ನದಿಯಲ್ಲಿ. ದಡದಿಂದ ದೋಣಿಯಲ್ಲಿ ಕೆಲವೇ ನಿಮಿಷಗಳ ದಾರಿ. ಊರಿನವರನ್ನು ಹೊರಗಿಡುವ ತಿದ್ದುಪಡಿ 2012ರಲ್ಲಿಯೇ ಅಂಗೀಕಾರವಾದರೂ ನಿಷೇಧವು ಆಚರಣೆಗೆ ಬಂದುದು 2020ರ ಫೆಬ್ರುವರಿ 1ರಿಂದ.

ನಿಷೇಧವನ್ನು ವಿರೋಧಿಸುವವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮತ ಹಾಕಿ ಸರಕಾರವನ್ನೇ ಆರಿಸಬಲ್ಲ ವಯಸ್ಕನಿಗೆ ತನ್ನ ಹಣದ ವಿಷಯದಲ್ಲಿ ವಿವೇಚನೆ ಇಲ್ಲವೆನ್ನುವುದು ಹೇಗೆ? ದಿಲ್ಲಿಯವನಿಗೆ ತೆರೆದ ಬಾಗಿಲನ್ನು ಮಡಗಾಂವದವನಿಗೆ ಏಕೆ ಮುಚ್ಚಬೇಕು? ಜೂಜು ಕೆಟ್ಟದ್ದಾದರೆ ಎಲ್ಲರಿಗೂ ಕೆಟ್ಟದ್ದಲ್ಲವೆ?

ಇದಕ್ಕೆ ಉತ್ತರವಿರುವುದು ದೂರದಲ್ಲಿ. ವರ್ಷಕ್ಕೊಮ್ಮೆ ಬಂದವನು ಒಂದು ರಾತ್ರಿ ಕಳೆದುಕೊಂಡು ಊರಿಗೆ ಹಿಂದಿರುಗುತ್ತಾನೆ. ನದಿಯ ದಂಡೆಯಲ್ಲೇ ಬಾಳುವವನು ಸಂಬಳದ ಸಂಜೆಯೂ ಹೋಗಬಲ್ಲ, ಮರುದಿನ ಕಳೆದುದನ್ನು ಮರಳಿ ಗಳಿಸುವ ಆಸೆಯಿಂದಲೂ ಹೋಗಬಲ್ಲ. ಮುಂಬಯಿಯ ಕನ್ನಡಿಗರಿಗೆ ಇದನ್ನು ಬೇರೊಬ್ಬರು ತಿಳಿಸಿಕೊಡಬೇಕಾಗಿಲ್ಲ. ಗಿರಣಿಗಳ ಕಾಲದಲ್ಲಿ ಮಟಕಾ ಎಷ್ಟೋ ಸಂಸಾರಗಳನ್ನು ಹಾಳುಮಾಡಿದ್ದು ಅದರ ಪಣ ದೊಡ್ಡದಾಗಿದ್ದುದರಿಂದಲ್ಲ. ಚಾಳಿನ ಮೂಲೆಯಲ್ಲೇ, ದಿನವೂ, ಚಿಲ್ಲರೆ ಕಾಸಿಗೂ ಅದು ದೊರೆಯುತ್ತಿದ್ದುದರಿಂದ. ಗೋವೆಯ ನಿಷೇಧದ ನಿಜವಾದ ಆಧಾರ ಇದೇ ಆಗಿದೆ. ಅದನ್ನು ಸಡಿಲಿಸುವುದು ತರವಲ್ಲ.

ಆದರೆ ಈ ತರ್ಕವು ರಾಜ್ಯದ ಗಡಿಗೆ ಬಂದು ನಿಲ್ಲುವಂಥದಲ್ಲ. ಕಾರವಾರ, ಬೆಳಗಾವಿಗಳಿಂದ ಪಣಜಿ ಕೆಲವೇ ತಾಸುಗಳ ಹಾದಿ. ಮಹಾರಾಷ್ಟ್ರವು 1976ರಲ್ಲಿಯೇ ಕ್ಯಾಸಿನೊ ಕಾಯಿದೆಯೊಂದನ್ನು ಮಾಡಿ, ಎಂದೂ ಜಾರಿಗೆ ತಾರದೆ, 2023ರಲ್ಲಿ ರದ್ದುಪಡಿಸಿತು. ಹೀಗಿರಲು ಮುಂಬಯಿ, ಪುಣೆಗಳ ಆಸೆಬುರುಕರಿಗೂ ಮಾಂಡವಿಯ ದಂಡೆಯೇ ಹತ್ತಿರ. ವಾರದ ಕೊನೆಗೊಮ್ಮೆ ರಾತ್ರಿಯ ಬಸ್ಸು ಹಿಡಿಯುವವನು ಕಾಗದದಲ್ಲಿ ಪ್ರವಾಸಿ. ಚಟದಲ್ಲಿ ಅವನು ಊರಿನವನೇ. ಅವನ ಹೆಂಡತಿ ಮಕ್ಕಳು ಗೋವೆಯ ಮತದಾರರಲ್ಲವೆಂಬ ಮಾತ್ರಕ್ಕೆ ಅವರ ಕಷ್ಟವು ಗಣನೆಗೆ ಬಾರದಿರುವುದು ನ್ಯಾಯವೆ?

ಬೇರೆ ದೇಶಗಳು ಇದಕ್ಕೆ ದಾರಿ ಹುಡುಕಿವೆ. ಸಿಂಗಾಪುರವು ತನ್ನ ಪ್ರಜೆಗಳಿಗೆ ದಿನವೊಂದಕ್ಕೆ 100 ಡಾಲರ್ ಪ್ರವೇಶ ಸುಂಕ ವಿಧಿಸಿ, 2019ರಲ್ಲಿ ಅದನ್ನು 150ಕ್ಕೆ ಏರಿಸಿತು. ಚಟಕ್ಕೆ ಬಿದ್ದವನನ್ನು ಒಳಗೆ ಬಿಡಬೇಡಿರೆಂದು ಮನೆಯವರೇ ಮನವಿ ಮಾಡಿ ತಡೆ ಪಡೆಯುವ ಏರ್ಪಾಡೂ ಅಲ್ಲಿದೆ. ದಕ್ಷಿಣ ಕೊರಿಯದಲ್ಲಿ ದೇಶದ ಪ್ರಜೆಗಳಿಗೆ ತೆರೆದಿರುವುದು ಒಂದೇ ಕ್ಯಾಸಿನೊ. ತಿಂಗಳಿಗೆ ಎಷ್ಟು ದಿನ ಹೋಗಬಹುದೆಂಬುದಕ್ಕೆ ಅಲ್ಲಿ ಮಿತಿಯುಂಟು.

ಇಂಥ ಕ್ರಮಗಳನ್ನು ಗೋವೆಯ ಸರಕಾರವೂ ಕೈಗೊಳ್ಳಬೇಕು. ಊರಿನವರ ಮೇಲಣ ನಿಷೇಧ ಇದ್ದಂತೆಯೇ ಇರಲಿ. ಹೊರಗಿನಿಂದ ಬರುವವರಿಗೆ ತಿಂಗಳಿಗೆ ಇಷ್ಟು ಸಲವೆಂಬ ಕಟ್ಟು ಬೀಳಲಿ. ಮನೆಯವರು ಬೇಡಿಕೊಂಡರೆ, ಆ ಮನೆ ಹುಬ್ಬಳ್ಳಿಯಲ್ಲಿರಲಿ, ಡೊಂಬಿವಲಿಯಲ್ಲಿರಲಿ, ವಿಚಾರಣೆ ನಡೆಸಿ ಬಾಗಿಲು ಮುಚ್ಚುವ ಅಧಿಕಾರ ಒಬ್ಬ ಅಧಿಕಾರಿಗಿರಲಿ. ಇದರಿಂದ ಬೊಕ್ಕಸಕ್ಕೆ ಸ್ವಲ್ಪ ನಷ್ಟವಾಗಬಹುದು. ಆದರೆ ಹಣದ ಪಣದ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ದೇಶಕ್ಕೆಲ್ಲ ನಿಷೇಧಿಸಿದ ಮೇಲೂ, ಅದೇ ಕೇಡು ಹಡಗನ್ನೇರಿದಾಗ ಪ್ರವಾಸೋದ್ಯಮವೆನಿಸಿಕೊಳ್ಳುವುದು ವಿಚಿತ್ರವೇ ಸರಿ.

ಧರ್ಮರಾಯನು ಪಗಡೆಯಲ್ಲಿ ಸೋತುದು ತನ್ನ ಊರಿನಲ್ಲಲ್ಲ. ಅತಿಥಿಯಾಗಿ ಹೋದ ಹಸ್ತಿನಾವತಿಯ ಸಭೆಯಲ್ಲಿ. ಅತಿಥಿಯ ಸೋಲು ತಮ್ಮದಲ್ಲವೆಂದು ಆ ಸಭೆಯ ಹಿರಿಯರು ಸುಮ್ಮನಿದ್ದರು. ಅಂಥ ಮೌನವನ್ನು ಇಂದಿನ ಸರಕಾರಗಳು ಅನುಸರಿಸಬಾರದೆಂದು ನಾವು ಆಗ್ರಹಿಸುತ್ತೇವೆ.