ಮೂಕಜೀವಕ್ಕೆ ಸಲ್ಲಬೇಕಾದ ಕೊನೆಯ ಕರ್ತವ್ಯ

ಹತ್ತು ಹನ್ನೆರಡು ವರ್ಷ ಮನೆಯ ಬಾಗಿಲು ಕಾದ ನಾಯಿ ಮುಪ್ಪಿನಲ್ಲಿ ಕಣ್ಣು ಕಾಣದೆ, ಕಾಲು ಏಳದೆ ಮೂಲೆ ಸೇರಿದಾಗ ನಮ್ಮ ನಡುವೆ ಎರಡು ಬಗೆಯ ವರ್ತನೆಗಳನ್ನು ಕಾಣುತ್ತೇವೆ. ಕೆಲವರು ಅದನ್ನು ಗೋಣಿಯಲ್ಲಿ ತುಂಬಿ ದೂರದ ಪೇಟೆಯಲ್ಲಿ ಬಿಟ್ಟುಬರುತ್ತಾರೆ. ಇನ್ನು ಕೆಲವರು ಅಗಲಲಾರದ ಮೋಹದಿಂದ, ಅದು ಹಗಲಿರುಳು ನರಳುತ್ತಿದ್ದರೂ ದಿನ ದೂಡುತ್ತಾರೆ. ಮೊದಲನೆಯದು ಕ್ರೌರ್ಯವೆಂದು ಎಲ್ಲರೂ ಬಲ್ಲರು. ಎರಡನೆಯದೂ ದಯೆಯಲ್ಲವೆಂಬುದನ್ನು ನಾವು ಅರಿಯಬೇಕಾಗಿದೆ.

ಹಸಿವು ಬಾಯಾರಿಕೆಗಳಿಂದ ಬಳಲುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಆದರೆ ಸಾಕಿದ ಜೀವವನ್ನು ಯಾವಾಗ ಬೀಳ್ಕೊಡಬೇಕೆಂಬುದನ್ನು ಕಾನೂನು ಹೇಳಲಾರದು. ಅದನ್ನು ಮನೆಯವರು ಪಶುವೈದ್ಯರೊಡನೆ ಸಮಾಲೋಚಿಸಿಯೇ ನಿರ್ಧರಿಸಬೇಕು.

ಮುಪ್ಪೊಂದೇ ಸಾವಿಗೆ ಕಾರಣವಾಗಬಾರದು. ಕೀಲುನೋವಿನಂತಹ ಬಾಧೆಗಳಿಗೆ ಮದ್ದುಂಟು. ಆದರೆ ಮನೆಯಲ್ಲಿರುವ ಗುಳಿಗೆಗಳನ್ನು ನಾವೇ ಕೊಡುವುದು ಸಲ್ಲದು. ಪಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ. ಚಿಕಿತ್ಸೆ ಫಲಿಸದಿದ್ದಾಗ, ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ರೂಪಿಸಿದ ಮಾಪನವು ನೆರವಾಗುತ್ತದೆ. ನೋವು ಹತೋಟಿಯಲ್ಲಿದೆಯೇ? ತಿನ್ನುತ್ತಿದೆಯೇ? ಸಾಕಷ್ಟು ನೀರು ಸೇರುತ್ತಿದೆಯೇ? ಮೈ ಶುಚಿಯಾಗಿದೆಯೇ? ಮನೆಯವರನ್ನು ಕಂಡು ಹಿಗ್ಗುತ್ತಿದೆಯೇ? ನಡೆದಾಡಬಲ್ಲುದೇ? ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ? ಒಂದೊಂದಕ್ಕೂ 10 ಅಂಕ. ಮೊತ್ತವು 35ಕ್ಕಿಂತ ಹೆಚ್ಚಿದ್ದರೆ ಆರೈಕೆಯನ್ನು ಮುಂದುವರಿಸಬಹುದು. ಕಡಿಮೆಯಾದರೆ ದಯಾಮರಣದ ವಿಚಾರವನ್ನು ವೈದ್ಯರ ಮುಂದಿಡುವುದು ಉಚಿತ.

ಈ ವಿಧಾನದ ಬಗೆಗೆ ಅಂಜಿಕೆ ಬೇಡ. ಸಾಮಾನ್ಯವಾಗಿ ಮೊದಲು ಮಂಪರು ಬರಿಸಿ, ಬಳಿಕ ಪೆಂಟೋಬಾರ್ಬಿಟಾಲ್‌ನಂತಹ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ನೀಡುತ್ತಾರೆ. ಪ್ರಜ್ಞೆ ಮೊದಲು ಅಳಿಯುತ್ತದೆ. ಉಸಿರು, ಹೃದಯ ನಿಲ್ಲುವುದು ಆ ಮೇಲೆ. ಅನಂತರವೂ ಕಣ್ಣು ತೆರೆದೇ ಇರಬಹುದು, ಸ್ನಾಯು ಅದುರಬಹುದು. ಅದು ನೋವಿನ ಲಕ್ಷಣವಲ್ಲ. ಔಷಧಿಯ ಅಂಶ ಕಳೇಬರದಲ್ಲಿ ಉಳಿಯುವುದರಿಂದ ಅದನ್ನು ತಿಂದ ಹದ್ದು, ನರಿಗಳೂ ಸಾಯಬಹುದು. ಆದುದರಿಂದ ಬಾವಿಯಿಂದ ದೂರದಲ್ಲಿ ಆಳವಾಗಿ ಹೂಳತಕ್ಕದ್ದು.

ಆ ಹೊತ್ತಿನಲ್ಲಿ ನಾಯಿಯನ್ನು ವೈದ್ಯರ ಕೈಗೊಪ್ಪಿಸಿ ಹೊರಗೆ ನಿಲ್ಲುವವರುಂಟು. ಸಾಧ್ಯವಾದರೆ ಹಾಗೆ ಮಾಡದಿರೋಣ. ಅಪರಿಚಿತ ಮೇಜಿನ ಮೇಲೆ ಮಲಗಿದ ಆ ಜೀವಕ್ಕೆ ಪರಿಚಯವಿರುವುದು ನಮ್ಮ ದನಿ, ನಮ್ಮ ಕೈ ಮಾತ್ರ. ಮಕ್ಕಳಿಗೂ ನಿಜವನ್ನೇ ತಿಳಿಸೋಣ. ‘ಎಲ್ಲಿಗೋ ಓಡಿಹೋಯಿತು’ ಎಂದರೆ ಅವರು ದಿನವೂ ದಾರಿ ಕಾಯುತ್ತಾರೆ. ಅಳುವುದಕ್ಕೆ ಅವರಿಗೂ ಅವಕಾಶವಿರಲಿ.