ಕವಚದೊಳಗಿನ ಕೊಳೆ

ಕಳೆದ ಆಷಾಢದ ಒಂದು ಸಂಜೆ ನೆರೆಮನೆಯ ಹುಡುಗಿ ತನ್ನ ಮೊಬೈಲು ಹಿಡಿದುಕೊಂಡು ನಮ್ಮ ಮನೆಯ ಜಗಲಿಗೆ ಬಂದಳು. ಪದವಿ ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿರುವವಳು. ಪರದೆಯ ನಡುವೆ ಅಂಗೈ ಬೆವರಿನಂತೆ ಒಂದು ಬಿಳಿಯ ಮಚ್ಚೆ ಹರಡಿತ್ತು. “ಮಾವ, ಇದು ಒಂದು ಸಲವೂ ಬಿದ್ದಿಲ್ಲ. ತಂದ ದಿನವೇ ಕವರು ಹಾಕಿದ್ದು, ಇವತ್ತಿನವರೆಗೆ ತೆಗೆದಿಲ್ಲ. ಆದರೂ ಹೀಗಾಗಿದೆ ನೋಡಿ” ಎಂದಳು. ಮರುದಿನ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಕೊನೆಯ ದಿನ. ಓಟಿಪಿ ಬರುವುದು ಇದೇ ಫೋನಿಗೆ.

ದಪ್ಪ ರಬ್ಬರಿನಂತಿದ್ದ ಆ ಕವಚವನ್ನು ಕಷ್ಟಪಟ್ಟು ಸುಲಿದೆವು. ಒಳಗೆ ಕೆಂಪು ಧೂಳು ನೀರಿನೊಡನೆ ಕಲೆತು ಕೆಸರಾಗಿ ಅಂಟಿಕೊಂಡಿತ್ತು. ಚಾರ್ಜರು ಸಿಕ್ಕಿಸುವ ತೂತಿನ ಸುತ್ತ ಹಸಿರು ಕಿಲುಬು. ಫೋನಿನ ಬೆನ್ನು ಚಪ್ಪಟೆಯಾಗಿರಲಿಲ್ಲ, ನಡುವೆ ಉಬ್ಬಿತ್ತು. ಒಳಗಿನ ಬ್ಯಾಟರಿ ಊದಿಕೊಂಡು ಪರದೆಯನ್ನು ಹಿಂದಿನಿಂದ ಒತ್ತುತ್ತಿತ್ತು. ಬಿಳಿ ಮಚ್ಚೆ ಆ ಒತ್ತಡದ ಗುರುತು. ಕವಚ ಇಲ್ಲದಿದ್ದರೆ ಉಬ್ಬು ಎರಡು ತಿಂಗಳ ಹಿಂದೆಯೇ ಅವಳ ಬೆರಳಿಗೆ ತಾಗುತ್ತಿತ್ತು. ರಕ್ಷಣೆಗೆಂದು ಹಾಕಿದ ಕವಚವೇ ರೋಗವನ್ನು ಮುಚ್ಚಿಟ್ಟಿತ್ತು.

ಪರಿಸರದ ಪತ್ರಿಕೆಯಲ್ಲಿ ಮೊಬೈಲು ಕವರಿನ ಕಥೆಯೇಕೆ ಎಂದು ಕೆಲವರು ಕೇಳಬಹುದು. ಇಂದು ಪಡಿತರ, ಪಿಂಚಣಿ, ಪಹಣಿ, ಬೆಳೆ ಸಮೀಕ್ಷೆ ಎಲ್ಲವೂ ಈ ಅಂಗೈಯಗಲದ ಗಾಜಿನ ಮೂಲಕವೇ ನಡೆಯುತ್ತಿವೆ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ಯಾರೂ ಮರೆತಿಲ್ಲ. ಬಡ ಕುಟುಂಬಕ್ಕೆ ಒಂದು ಫೋನು ಕೆಟ್ಟರೆ ಅದು ಹಲವು ದಿನಗಳ ಕೂಲಿಯ ಪ್ರಶ್ನೆ. ಕೆಟ್ಟ ಫೋನು ಎಲ್ಲಿಗೆ ಹೋಗುತ್ತದೆ ಎಂಬುದು ನೆಲ-ಜಲದ ಪ್ರಶ್ನೆ.

ಕೊಟ್ಟೆ ಕಲಿಸುವ ಪಾಠ

ಹೊದಿಕೆಯ ಶಾಸ್ತ್ರವನ್ನು ಅಡಿಕೆ ಬೆಳೆಗಾರರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕೊಳೆರೋಗದಿಂದ ಕೊನೆಯನ್ನು ಉಳಿಸಿಕೊಳ್ಳಲು ನಮ್ಮ ಹಿರಿಯರು ಮಳೆ ಹಿಡಿಯುವ ಮುನ್ನ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ತೋಟಗಳಿಗೆ ಬಂದದ್ದು ಅವರ ಪ್ರಯತ್ನದಿಂದ. ಆದರೂ ಕೊಟ್ಟೆ ಕಟ್ಟುವ ಪದ್ಧತಿ ಪೂರ್ತಿ ಅಳಿಯಲಿಲ್ಲ. ಹಾಳೆ, ಹುಲ್ಲುಗಳ ಜಾಗಕ್ಕೆ ಪ್ಲಾಸ್ಟಿಕ್ ಬಂದಿತು, ಅಷ್ಟೆ.

ಪ್ಲಾಸ್ಟಿಕ್ ಕೊಟ್ಟೆಯ ಬಾಯಿಯನ್ನು ನಾವು ಕೆಳಮುಖವಾಗಿ ತೆರೆದೇ ಇಡುತ್ತೇವೆ. ಮೇಲಿನ ಮಳೆ ಒಳಗೆ ಬರಬಾರದು, ಒಳಗಿನ ತೇವ ಹೊರಗೆ ಹೋಗಬೇಕು. ಕೆಳಗೂ ಬಿಗಿದು ಕಟ್ಟಿದರೆ ಕಾಯಿ ಕೊಟ್ಟೆಯೊಳಗೇ ಕೊಳೆಯುತ್ತದೆ. ಗದ್ದೆಯ ಹೆಂಗಸರು ಹೊದೆಯುವ ಗೊರಬೂ ಹಾಗೆಯೇ: ಬೆನ್ನು ಮುಚ್ಚುತ್ತದೆ, ಎದುರು ತೆರೆದಿರುತ್ತದೆ. ಮಳೆಯ ನಾಡಿನಲ್ಲಿ ಗಾಳಿಯಾಡದ ಹೊದಿಕೆ ಹೊದಿಕೆಯಲ್ಲ ಎಂಬುದು ನಮ್ಮ ಹಿರಿಯರ ಅನುಭವ.

ಮೊಬೈಲು ಕವಚ ಈ ಪಾಠಕ್ಕೆ ತೀರ ವಿರುದ್ಧ. ಬೆನ್ನಿಗೆ ಬಿಗಿಯಾಗಿ ಅಂಟಿ ಕೂರುತ್ತದೆ. ಅಂಚಿನ ಸಂದಿನಿಂದ ಒಳಸೇರಿದ ನೀರಿನ ಪಸೆ, ಬತ್ತಿ ಎಣ್ಣೆ ಹೀರುವಂತೆ, ಎರಡು ಮೈಗಳ ನಡುವೆ ಹರಡಿ ನಿಲ್ಲುತ್ತದೆ. ಆಷಾಢ ಶ್ರಾವಣಗಳಲ್ಲಿ ಗಾಳಿಯ ತೇವಾಂಶ ಶೇ. 90 ದಾಟುವ ನಮ್ಮ ಊರುಗಳಲ್ಲಿ ಅದು ಆರುವುದು ಯಾವಾಗ? “ನಮ್ಮದು ನೀರು ತಾಗದ ಫೋನು” ಎನ್ನುವವರೂ ಇದ್ದಾರೆ. ಐಪಿ 67 ಎಂಬ ಮುದ್ರೆಯ ಅರ್ಥ, ಹೊಸ ಫೋನು ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ತಡೆದುಕೊಂಡಿತು ಎಂದಷ್ಟೆ. ನಾಲ್ಕು ತಿಂಗಳ ತೇವ, ಬಚ್ಚಲ ಹಬೆ, ಬೆವರು, ಬೋರ್ಡೋ ದ್ರಾವಣ ಮೆತ್ತಿದ ಕೈ, ಇವು ಆ ಪರೀಕ್ಷೆಯಲ್ಲಿ ಇಲ್ಲ. ಒಳಗಿನ ಅಂಟು ಹಳತಾದಂತೆ ಆ ತಡೆಯುವ ಶಕ್ತಿಯೂ ಕುಂದುತ್ತದೆ.

ತೇವದ ಜೊತೆಗೆ ಬಿಸಿಯ ಸಮಸ್ಯೆಯಿದೆ. ಫೋನಿಗೆ ಫ್ಯಾನಿಲ್ಲ. ಒಳಗೆ ಹುಟ್ಟುವ ಶಾಖ ಬೆನ್ನಿನಿಂದ, ಪರದೆಯಿಂದ ಹೊರಹೋಗಬೇಕು. ಕವಚದ ಪ್ಲಾಸ್ಟಿಕ್ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವ ವಸ್ತುವಲ್ಲ. ಮಲೆನಾಡಿನಲ್ಲಿ ಇನ್ನೊಂದು ವಿಶೇಷವುಂಟು. ಗೋಪುರ ದೂರವಿದ್ದು ಸಿಗ್ನಲ್ ಕ್ಷೀಣವಾದಷ್ಟೂ ಫೋನು ಹೆಚ್ಚು ಶಕ್ತಿ ವ್ಯಯಿಸಿ ಕೂಗಬೇಕಾಗುತ್ತದೆ. ಹೀಗಾಗಿ ಪೇಟೆಯಲ್ಲಿ ತಣ್ಣಗಿರುವ ಫೋನು ಕಣಿವೆಯ ಮನೆಯಲ್ಲಿ ಬಿಸಿಯಾಗುತ್ತದೆ. ಅದನ್ನೇ ಕವಚ ಸಮೇತ ಹಾಸಿಗೆಯ ಮೇಲಿಟ್ಟು ರಾತ್ರಿಯಿಡೀ ಚಾರ್ಜಿಗೆ ಹಾಕುತ್ತೇವೆ. ತುಂಬಿದ ಬ್ಯಾಟರಿ ಮತ್ತು ಶಾಖ, ಎರಡೂ ಕೂಡಿದರೆ ಲಿಥಿಯಂ ಬ್ಯಾಟರಿಗೆ ಬೇಗ ಮುಪ್ಪು. ಒಳಗಿನ ರಾಸಾಯನಿಕ ಒಡೆದು ಅನಿಲವಾಗಿ, ಚೀಲ ಊದುತ್ತದೆ. ಚಾರ್ಜಿನ ವೇಳೆ ಫೋನು ಬಿಸಿಯೆನಿಸಿದರೆ ಕವಚ ತೆಗೆಯಿರಿ ಎಂದು ಆಪಲ್ ಕಂಪನಿ ತನ್ನ ಸೂಚನೆಗಳಲ್ಲಿ ತಾನೇ ಹೇಳಿದೆ. ಆ ಸೂಚನೆ ಓದಿದವರು ನಮ್ಮಲ್ಲಿ ಎಷ್ಟು ಮಂದಿ?

ಲಕ್ಷಣ ನೋಡಿ ಕಾರಣ ಹುಡುಕೋಣ

ಎಲೆ ಹಳದಿಯಾದ ಕೂಡಲೇ ಗೊಬ್ಬರ ಸುರಿಯುವುದು ತಪ್ಪು. ಬೇರು ಕೊಳೆತರೂ ಎಲೆ ಹಳದಿಯಾಗುತ್ತದೆ, ನೀರು ನಿಂತರೂ ಆಗುತ್ತದೆ. ಪರದೆಯ ದೋಷಗಳೂ ಹಾಗೆಯೇ. ಎಲ್ಲಕ್ಕೂ ಕವಚವೇ ಕಾರಣವಲ್ಲ, ಎಲ್ಲಕ್ಕೂ ಹೊಸ ಡಿಸ್‌ಪ್ಲೇ ಮದ್ದಲ್ಲ.

ಎಲ್‌ಸಿಡಿ ಪರದೆಯಲ್ಲಿ ಬಿಳಿ ಮಚ್ಚೆ ಕಂಡರೆ, ಅಥವಾ ಯಾವುದೇ ಫೋನಿನ ಪರದೆ ಅಂಚಿನಲ್ಲಿ ಮೇಲೆದ್ದರೆ ಮೊದಲು ಬ್ಯಾಟರಿಯನ್ನು ಸಂಶಯಿಸಬೇಕು. ಕವಚ ತೆಗೆದು, ಪರದೆ ಕೆಳಗಾಗುವಂತೆ ಸಮತಟ್ಟಾದ ಮೇಜಿನ ಮೇಲಿಟ್ಟು ಮೆಲ್ಲಗೆ ತಿರುಗಿಸಿ. ಬುಗುರಿಯಂತೆ ತಿರುಗಿದರೆ ಉಬ್ಬು ಇದೆಯೆಂದೇ ಅರ್ಥ. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಬೆಂಕಿ ಹತ್ತುವ ಅಪಾಯವಿದೆ.

ಪರದೆ ತಾನೇ ತಾನಾಗಿ ಒತ್ತಿಕೊಳ್ಳುವುದು ಇನ್ನೊಂದು ಕಾಟ. ಗಾಜಿನ ಕೆಳಗಿನ ಕಣ್ಣಿಗೆ ಕಾಣದ ವಿದ್ಯುತ್ ಜಾಲ ಬೆರಳಿನ ಇರವನ್ನು ಗ್ರಹಿಸುತ್ತದೆ. ನೀರಿನ ಹನಿಯನ್ನೂ ಅದು ಬೆರಳೆಂದು ಭ್ರಮಿಸುವುದುಂಟು. ಬಿಗಿಯಾದ ಕವಚದ ತುಟಿ ಮೇಲೆ ಅಂಟಿಸಿದ ಟೆಂಪರ್ಡ್ ಗ್ಲಾಸನ್ನು ಒತ್ತಿ ಎಬ್ಬಿಸಿದಾಗ ಸಂದಿನಲ್ಲಿ ಧೂಳು, ನೀರು ಸೇರಿ ಇದೇ ತೊಂದರೆ ಬರುತ್ತದೆ. ಕಳಪೆ ಚಾರ್ಜರಿನಿಂದಲೂ ಬರುತ್ತದೆ. ಕವಚ, ಗ್ಲಾಸು ಎರಡನ್ನೂ ತೆಗೆದು ಒರೆಸಿ, ಚಾರ್ಜರು ಕಳಚಿ ನೋಡಿದರೆ ಎಷ್ಟೋ ಬಾರಿ ಖರ್ಚಿಲ್ಲದೆ ಕಾಟ ನಿಲ್ಲುತ್ತದೆ.

ಕರೆಯ ನಡುವೆ ಪರದೆ ಕತ್ತಲಾಗಿ ಮರಳಿ ಬೆಳಗದಿದ್ದರೆ, ಮೇಲಂಚಿನ ಸಂವೇದಕವನ್ನು ಕವಚವೋ ಗ್ಲಾಸೋ ಮುಚ್ಚಿದೆಯೇ ನೋಡಬೇಕು. ಅಯಸ್ಕಾಂತವಿರುವ ಫ್ಲಿಪ್ ಕವರು ಫೋನಿನ ದಿಕ್ಸೂಚಿಯನ್ನೇ ದಾರಿ ತಪ್ಪಿಸುತ್ತದೆ. ಕಾಡಿನಲ್ಲಿ ಮರಗಳ ಗಣತಿಗೆ ಹೋಗುವ ವಿದ್ಯಾರ್ಥಿ ಮಿತ್ರರು ಇದನ್ನು ನೆನಪಿಡಬೇಕು.

ಓಎಲ್ಇಡಿ ಪರದೆಯಲ್ಲಿ ಮೇಲಿನಿಂದ ಕೆಳಗೆ ಎಳೆದಂತೆ ಮೂಡುವ ಹಸಿರು ಅಥವಾ ಗುಲಾಬಿ ಗೆರೆಯದು ಬೇರೆಯೇ ಜಾತಿ. ಪರದೆಗೂ ಅದನ್ನು ನಡೆಸುವ ಚಿಪ್ಪಿಗೂ ನಡುವಿನ ಕೂದಲೆಳೆಯಂಥ ಜೋಡಣೆ ಸಡಿಲಿದಾಗ ಇಂಥ ಗೆರೆ ಬರುತ್ತದೆ. ಬೀಳದ, ನೀರು ಕಾಣದ ಫೋನಿನಲ್ಲೂ ಬರುವುದರಿಂದ ಬಳಸುವವರನ್ನೇ ದೂರುವಂತಿಲ್ಲ. ಕೆಲವು ಕಂಪನಿಗಳು ಕೆಲವು ಮಾದರಿಗಳಿಗೆ ನಮ್ಮ ದೇಶದಲ್ಲಿ ಉಚಿತವಾಗಿ ಪರದೆ ಬದಲಿಸಿಕೊಟ್ಟದ್ದುಂಟು. ಆದ್ದರಿಂದ ದುಡ್ಡು ತೆರುವ ಮೊದಲು ಕೇಳಿ ನೋಡುವುದು ಗ್ರಾಹಕರ ಹಕ್ಕು.

ಕವಚದ ಪರವಾಗಿಯೂ ಒಂದು ಮಾತು ಹೇಳಬೇಕು. ಇಂದಿನ ಫೋನುಗಳ ಗಾಜನ್ನು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದಿ ಗಟ್ಟಿ ಮಾಡಿರುತ್ತಾರೆ. ಗೀರು ತಡೆಯುವ ಆ ಗಾಜು ಕಲ್ಲುಹಾಸಿನ ಅಂಗಳದಲ್ಲಿ ಅಂಚು ತಾಗಿ ಬಿದ್ದರೆ ಒಡೆದೇ ಒಡೆಯುತ್ತದೆ. ಅಂಚು ಎತ್ತರಿಸಿದ ಕವಚ ಆ ಪೆಟ್ಟನ್ನು ತಾನು ನುಂಗುತ್ತದೆ. ಕವಚವನ್ನು ಎಸೆದುಬಿಡಿ ಎಂಬುದು ನನ್ನ ವಾದವಲ್ಲ. ಹಾಕಿ ಮರೆಯಬೇಡಿ ಎಂಬುದು ನನ್ನ ವಾದ.

ಹೊರೆ ಯಾರ ಹೆಗಲಿಗೆ?

ಗುಂಡಿ ಒತ್ತುವ ಹಳೆಯ ಫೋನು ತೋಟದ ಕಪ್ಪಿಗೆ ಬಿದ್ದರೆ ಏನು ಮಾಡುತ್ತಿದ್ದೆವು? ಉಗುರಿನಿಂದ ಬೆನ್ನು ಬಿಚ್ಚಿ, ಬ್ಯಾಟರಿ ಹೊರತೆಗೆದು, ಎರಡು ದಿನ ಒಣಗಿಸಿ ಮತ್ತೆ ಜೋಡಿಸುತ್ತಿದ್ದೆವು. ಹೆಚ್ಚಿನ ಸಲ ಅದು ಮಾತಾಡುತ್ತಿತ್ತು. ಇಂದಿನ ಫೋನಿನ ಬೆನ್ನಿಗೆ ಅಂಟು, ಪರದೆಗೆ ಅಂಟು, ಬ್ಯಾಟರಿಗೂ ಅಂಟು. ಪೇಟೆಯ ರಿಪೇರಿಯವರು ಬಿಸಿಗಾಳಿ ಊದಿ ಬಿಡಿಸುವಾಗ ಒಂದಕ್ಕೆ ಮತ್ತೊಂದು ಒಡೆಯುತ್ತದೆ. ನಮ್ಮ ಹುಡುಗಿಗೆ ಬ್ಯಾಟರಿ ಮತ್ತು ಡಿಸ್‌ಪ್ಲೇ ಎರಡಕ್ಕೂ ಹೇಳಿದ ದರ ಫೋನಿನ ಬೆಲೆಯ ಅರ್ಧದ ಹತ್ತಿರವಿತ್ತು. ಒಡೆಯುವಂತೆ ತಯಾರಿಸಿ, ಬಿಚ್ಚಲಾಗದಂತೆ ಅಂಟಿಸಿ, ಕಾಪಾಡುವ ಹೊರೆಯನ್ನು ಕೊಂಡವರ ಹೆಗಲಿಗೆ ಹೊರಿಸಿದ್ದಾರೆ. ಕವಚದ ವ್ಯಾಪಾರ ಬೆಳೆದದ್ದು ಈ ಹೊರೆಯ ಮೇಲೆ.

ಆ ಗಾಜಿನ ಕೆಳಗಿನ ಪಾರದರ್ಶಕ ಪದರದಲ್ಲಿ ಇಂಡಿಯಂ ಇದೆ. ಅದು ಸತುವಿನ ಗಣಿಗಾರಿಕೆಯ ಉಪೋತ್ಪನ್ನ. ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಕುದುರೆಮುಖದ ಗಣಿಯನ್ನು ಕಂಡ ನಾವು ಗಣಿಯೆಂದರೇನೆಂದು ಬಲ್ಲೆವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಕಳುಹಿಸಿದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಹಳದಿಗಟ್ಟಿದ ಕವಚಗಳಂತೂ ಲೆಕ್ಕಕ್ಕೇ ಇಲ್ಲ. ಅವು ಹಳ್ಳದ ದಂಡೆಗೋ ಬಚ್ಚಲ ಒಲೆಗೋ ಹೋಗುತ್ತವೆ. ಒಲೆಗೆ ಹಾಕಿದ ಪ್ಲಾಸ್ಟಿಕ್ಕಿನ ಹೊಗೆ ಮೊದಲು ಸೇರುವುದು ನೀರು ಕಾಯಿಸುವವರ ಶ್ವಾಸಕೋಶವನ್ನು.

ಬೇರೆ ದಾರಿ ಇಲ್ಲದಿಲ್ಲ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಅದರಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಅದರ ಮುಖ್ಯ ಬಿಡಿಭಾಗಗಳು ಸಿಗಬೇಕು. ಫೋನು ಎಷ್ಟು ಸಲ ಬಿದ್ದರೂ ತಾಳೀತು, ಎಷ್ಟು ಸುಲಭವಾಗಿ ದುರಸ್ತಿಯಾದೀತು ಎಂಬುದನ್ನು ಚೀಟಿಯಲ್ಲಿ ನಮೂದಿಸಬೇಕು. ನಮ್ಮ ದೇಶದಲ್ಲೂ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿತು. ದುರಸ್ತಿ ಸೂಚ್ಯಂಕದ ಬಗೆಗಿನ ವರದಿ 2025ರ ಮೇ ತಿಂಗಳಲ್ಲಿ ಸಲ್ಲಿಕೆಯಾಯಿತು. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಈ ಹೊಣೆ ಕಾಗದದಲ್ಲೇ ಉಳಿಯದೆ ಘಟ್ಟದ ಮೇಲಿನ ಹಳ್ಳಿಯವರೆಗೆ ಬರಬೇಕಾದರೆ ಗ್ರಾಮಸಭೆಗಳಲ್ಲಿ ನಾವೇ ಬಾಯಿ ಬಿಡಬೇಕು.

ನಮ್ಮ ಕೈಯಲ್ಲಿರುವುದು

ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಕವಚ ಕಳಚಿ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಆರಿದ ಮೇಲೆ ಹಾಕೋಣ. ಫೋನಿನ ಬೆನ್ನನ್ನು ಒಣಬಟ್ಟೆಯಿಂದ ಒರೆಸೋಣ. ಚಾರ್ಜಿಗೆ ಹಾಕುವಾಗ ಕವಚ ತೆಗೆದು ಮರದ ಹಲಗೆಯ ಮೇಲಿಡೋಣ. ಚಾರ್ಜಿನ ತೂತು ಒದ್ದೆಯಿದ್ದರೆ, ಅದನ್ನು ಕೆಳಮುಖ ಮಾಡಿ ಗಾಳಿಯಾಡುವ ಕಡೆ ಇಟ್ಟು, ಆರುವವರೆಗೆ ತಾಳೋಣ. ಒಲೆಯ ಮೇಲಿನ ಅಟ್ಟವೂ ಬೇಡ, ಅಕ್ಕಿ ಡಬ್ಬಿಯೂ ಬೇಡ. ಅಕ್ಕಿಯ ಹುಡಿ ತೂತಿನೊಳಗೆ ಸೇರಿ ಇನ್ನಷ್ಟು ತೊಂದರೆಯಾಗುತ್ತದೆ. ಔಷಧಿ ಹೊಡೆಯುವ ದಿನ ಫೋನು ಮನೆಯಲ್ಲಿರಲಿ, ಅಥವಾ ಬೇರೆಯವರ ಒಣ ಕೈಯಲ್ಲಿರಲಿ.

ಊರಿನ ಸಂಘಗಳು ಇನ್ನೊಂದು ಹೆಜ್ಜೆ ಇಡಬಹುದು. ಸೊಸೈಟಿಯ ಕಟ್ಟಡದಲ್ಲಿ ಹಳೆಯ ಫೋನುಗಳಿಗೊಂದು ಪೆಟ್ಟಿಗೆಯಿಟ್ಟು, ವರ್ಷಕ್ಕೊಮ್ಮೆ ಅಧಿಕೃತ ಮರುಬಳಕೆದಾರರಿಗೆ ತಲುಪಿಸಬಹುದು. ಊದಿದ ಬ್ಯಾಟರಿಗಳನ್ನು ಅದರಲ್ಲಿ ಹಾಕದೆ, ಒಣ ಮರಳಿನಲ್ಲಿ ಪ್ರತ್ಯೇಕವಾಗಿ, ಮನೆಯಿಂದ ದೂರವಿರಿಸಬೇಕು. ಕಾಲೇಜುಗಳು ಪೇಟೆಯ ರಿಪೇರಿಯವರನ್ನು ಗುರುಗಳಾಗಿ ಕರೆದು, ಬಿಚ್ಚಿ ಜೋಡಿಸುವ ವಿದ್ಯೆಯನ್ನು ಮಕ್ಕಳಿಗೆ ಕೊಡಿಸಬಹುದು. ನೇಗಿಲು ಕೆಟ್ಟರೆ ಆಚಾರಿಯ ಮನೆಗೆ ಹೋಗುತ್ತಿದ್ದ ಊರಿಗೆ ದುರಸ್ತಿಯೆಂಬುದು ಹೊಸ ವಿಚಾರವೇನಲ್ಲ.

ಆ ಹುಡುಗಿಯ ಅರ್ಜಿಯನ್ನು ಮರುದಿನ ಸಲ್ಲಿಸಿದೆವು. ಅವಳ ಸಿಮ್ಮನ್ನು ನನ್ನ ಫೋನಿಗೆ ಹಾಕಿ ಓಟಿಪಿ ತರಿಸಿಕೊಂಡೆವು. ಬ್ಯಾಟರಿಯನ್ನಷ್ಟೇ ಬದಲಿಸಿದ್ದಾಳೆ. ಒತ್ತಡ ಹೋದ ಮೇಲೂ ಮಚ್ಚೆ ಪೂರ್ತಿ ಹೋಗಲಿಲ್ಲ, ತಿಳಿಯಾಗಿ ಉಳಿದಿದೆ. ಅದರಲ್ಲೇ ಓದಿ ಪರೀಕ್ಷೆ ಬರೆದಳು. ಈಗ ಅವರ ಮನೆಯ ಜಗಲಿಯ ಮೊಳೆಗೆ ರಾತ್ರಿ ಹೊತ್ತು ಗೊರಬಿನ ಪಕ್ಕದಲ್ಲಿ ಆ ಕವಚವೂ ಆರಲು ನೇತಾಡುತ್ತಿರುತ್ತದೆ.