ಭುಜ ಕ್ಯಾಲೆಂಡರ್ ನೋಡಲ್ಲ

ಜಿಮ್ನಾಸ್ಟ್ ಒಬ್ಬರಿಗೆ ಭುಜದ ಆಪರೇಷನ್ ಆಯ್ತು ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: ಮತ್ತೆ ಕಣಕ್ಕೆ ಯಾವಾಗ? ಈ ಪ್ರಶ್ನೆಯೇ ಸರಿಯಿಲ್ಲ ಅಂತ ನಮ್ಮ ಅಭಿಪ್ರಾಯ.

ಗ್ರೀಸ್‌ನ ಎಲೆಫ್ಥೇರಿಯೊಸ್ ಪೆಟ್ರುನಿಯಾಸ್ ಅವರನ್ನೇ ನೋಡಿ. ರಿಂಗ್ಸ್‌ನಲ್ಲಿ 2016ರ ಒಲಿಂಪಿಕ್ ಚಿನ್ನ ಗೆದ್ದವರು. 2018ರಲ್ಲಿ ದೋಹಾದಲ್ಲಿ ಗಾಯಗೊಂಡ ಭುಜದಲ್ಲೇ ವಿಶ್ವ ಚಾಂಪಿಯನ್ ಆದ್ರು, ಆಮೇಲೆ ಆಪರೇಷನ್ ಮಾಡಿಸಿಕೊಂಡ್ರು. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೇ ಸ್ಥಾನ. 2021ರಲ್ಲಿ ಟೋಕಿಯೊದಲ್ಲಿ ಕಂಚು, 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು. ಇದರಲ್ಲಿ ಅವರು ‘ಮರಳಿ ಬಂದ’ ದಿನ ಯಾವುದು?

ಟೆಂಡನ್ ಮೂಳೆಗೆ ಸೇರುವ ಜಾಗದಲ್ಲಿ ಅಂಗಾಂಶ ಮೆದುವಿನಿಂದ ಗಟ್ಟಿಗೆ ಹಂತಹಂತವಾಗಿ ಬದಲಾಗುತ್ತೆ. ಹರಿದದ್ದನ್ನು ಹೊಲಿದ ಮೇಲೆ ಆ ಜೋಡಣೆ ಮೊದಲಿನಂತೆ ಬೆಳೆಯಲ್ಲ. ಗಾಯದ ಕಲೆಯಂಥ ಅಂಗಾಂಶ ಅಲ್ಲಿ ತುಂಬಿಕೊಳ್ಳುತ್ತೆ. ಅದು ಬಲಿಯೋಕೆ ತಿಂಗಳುಗಳೇ ಬೇಕು. ನೋವು ಅದಕ್ಕಿಂತ ಮೊದಲೇ ಹೋಗಿರಬಹುದು. ಅಪಾಯ ಇರೋದು ಅಲ್ಲೇ. ಯಾಕಂದ್ರೆ ರಿಂಗ್ಸ್‌ನಲ್ಲಿ ಎರಡೂ ಕೈ ಬದಿಗೆ ಚಾಚಿ, ಇಡೀ ಮೈಭಾರವನ್ನು ಕನಿಷ್ಠ 2 ಸೆಕೆಂಡ್ ಅಲುಗಾಡದೆ ಹಿಡಿಯಬೇಕು.

ಹಾಗಾಗಿ ಕೋಚ್‌ಗಳು, ಫೆಡರೇಷನ್‌ಗಳು ಮುಂದಿನ ಸ್ಪರ್ಧೆಯ ತಾರೀಖು ಹಿಡಿದು ಲೆಕ್ಕ ಹಾಕೋದು ಬಿಡಬೇಕು. ಎರಡೂ ಭುಜಗಳ ಬಲ ಸಮ ಇದೆಯಾ? ನೇತಾಡೋದು, ತೂಗಾಡೋದು, ಆಮೇಲೆ ಕ್ರಾಸ್: ಒಂದೊಂದು ಮೆಟ್ಟಿಲೂ ದಾಟಿದ್ದಾರಾ? ಇದನ್ನು ನೋಡಿ ತೀರ್ಮಾನಿಸಲಿ. ಅಭಿಮಾನಿಗಳಾದ ನಾವೂ ಅಷ್ಟೇ. ‘ಯಾವಾಗ ಬರ್ತೀರಿ’ ಅನ್ನೋದಕ್ಕಿಂತ ‘ಭುಜ ಈಗ ಏನೇನು ತಡೆದುಕೊಳ್ಳುತ್ತೆ’ ಅಂತ ಕೇಳೋಣ.